ಪರದೇಶಿ ಪಟ್ಟಿಯ ಸತ್ಯವ್ವ

ದ್ರಾಕ್ಷಿ ಒಣಗಿಸುವ ಕಾಲಕ್ಕೆ ನಾನು ತವರಿಗೆ ಹೋಗುವುದು ಕೆಲಸಕ್ಕೆ ಕೈಜೋಡಿಸಲಿಕ್ಕೆ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ದೊಡ್ಡ ಮನಸ್ಸು. ನಾನು ಹೋಗುವುದು ತಿನ್ನಲಿಕ್ಕೆ. ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿದ ದ್ರಾಕ್ಷಿ ಅರ್ಧ ಒಣಗಿ, ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ರಸ ಇಟ್ಟುಕೊಂಡಿರುವ ಒಂದು ಹದ ಇರುತ್ತದೆ ನೋಡಿ, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಕಳೆದ ವರ್ಷ ಹಾಗೆ ಬಾಯಾಡಿಸುತ್ತ ಕೂತಿದ್ದಾಗ ಅಣ್ಣನ ಮಗಳು ಸ್ನೇಹಾ ಒಂದು ಖಾಲಿ ರಟ್ಟಿನ ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟಳು.

"ಅತ್ತಿ, ತಿನ್ನೂದ್ ಸಾಕ್ ಮಾಡು. ಇದರ ಮ್ಯಾಲ ಒಂದ್ ಹೆಸರ ಬೇಕಾಗೇತಿ."

ಸ್ನೇಹಾ ಕೃಷಿ ಓದಿ, ನೌಕರಿಯ ಗೊಡವೆಗೆ ಹೋಗದೆ ಹೊಲಕ್ಕೇ ಮರಳಿದವಳು. ಒಣದ್ರಾಕ್ಷಿಯನ್ನು ದಲಾಲರ ಕೈಗೆ ಕೊಡದೆ ತಾನೇ ಡಬ್ಬಿ ಕಟ್ಟಿ ಮಾರಬೇಕೆಂದು ಹಟ ಹಿಡಿದಿದ್ದಳು. ಡಬ್ಬಿಯ ಮೇಲೆ ಒಂದು ಗೊಂಚಲಿನ ಚಿತ್ರ, ಅದರ ಕೆಳಗೆ ಖಾಲಿ ಜಾಗ. ನಮ್ಮ ಹೊಲವನ್ನು ಮೊಟ್ಟಮೊದಲು ಸಾಗು ಮಾಡಿದ ಹಿರಿಯರ ಹೆಸರು ಅಲ್ಲಿ ಬರಬೇಕಂತೆ.

"ಯಾರವರು?" ಎಂದಳು.

ನಾನು ಹಾರೂಗೇರಿಯ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಯಾವ ರಾಜನ ಮಗ ಯಾರು, ಆ ಮಗನ ಮಗ ಯಾರು ಎಂದು ಕೇಳಿ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಈಗ ನನ್ನ ಸರದಿ. ನನ್ನಪ್ಪ ಶಿವಪ್ಪ, ಅವನಪ್ಪ ರಾಮಪ್ಪ, ಅವನಪ್ಪ ಮಲ್ಲಪ್ಪ. ಅಲ್ಲಿಗೆ ನನ್ನ ಇತಿಹಾಸ ಮುಗಿಯಿತು. ಬೆಂಚು ಹತ್ತುವುದೊಂದು ಬಾಕಿ.

ಮಲ್ಲಪ್ಪನ ಅಪ್ಪನ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕಥೆ ಇತ್ತು ನಿಜ. ನಮ್ಮ ದೊಡ್ಡಪ್ಪ ಅದನ್ನು ಹೇಳುತ್ತಿದ್ದ. ಮೂಲಪುರುಷ ಕುದುರೆಯ ಮೇಲೆ ಬಂದನಂತೆ, ಯಾವುದೋ ಸಂಸ್ಥಾನದಲ್ಲಿ ಸರದಾರನಾಗಿದ್ದನಂತೆ, ಕುದುರೆ ಓಡಿದಷ್ಟು ನೆಲ ಇನಾಮು ಸಿಕ್ಕಿತಂತೆ. ತೊಂದರೆಯೆಂದರೆ ಆ ಕುದುರೆ ಒಂದು ಸಲ ಬಿಳಿಯದಾಗಿರುತ್ತಿತ್ತು, ಇನ್ನೊಂದು ಸಲ ಕಪ್ಪು. ಚಿಕ್ಕವಳಿದ್ದಾಗ ನಾನು ಅದನ್ನು ಎತ್ತಿ ತೋರಿಸಿದ್ದಕ್ಕೆ ದೊಡ್ಡಪ್ಪ ಸ್ವಲ್ಪವೂ ಗಲಿಬಿಲಿಯಾಗದೆ, "ಬಿಸಲಾಗ ಬೆಳ್ಳಗ ಕಾಣತಿತ್ತ್ ಅದು" ಎಂದಿದ್ದ.

ಆದರೆ ಆ ಹೊಲದ ಹೆಸರು ಕುದುರೆಯ ಕಥೆಗೆ ಒಪ್ಪುವಂಥದಲ್ಲ. ಊರವರೆಲ್ಲ ಅದನ್ನು ಕರೆಯುವುದು 'ಪರದೇಶಿ ಪಟ್ಟಿ' ಎಂದು. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವರು, ಎಲ್ಲಿಂದಲೋ ಬಂದವರು. ಶಾಲೆಯಲ್ಲಿ ಜಗಳವಾದಾಗ ಹುಡುಗಿಯರು "ಏ ಪರದೇಶಿ ಪಟ್ಟ್ಯಾಕಿ" ಎಂದು ಕೂಗಿದರೆ ನಾನು ಅಳುತ್ತ ಮನೆಗೆ ಬರುತ್ತಿದ್ದೆ. ಅವ್ವ ಸಮಾಧಾನಕ್ಕೆ ಎರಡು ಕಡಲೆ ಕಾಳು ಕೈಗೆ ಹಾಕಿ, ಅದೇ ಹೊಲಕ್ಕೆ ಕಲ್ಲು ಆರಿಸಲು ಅಟ್ಟುತ್ತಿದ್ದಳು. ಎಷ್ಟು ಆರಿಸಿದರೂ ಒಂದು ಮಳೆ ಬಿದ್ದರೆ ಸಾಕು, ನೆಲ ಮತ್ತೆ ಕಲ್ಲು ಹಡೆಯುತ್ತಿತ್ತು. ಆರಿಸಿದ ಕಲ್ಲನ್ನು ಬದುವಿನ ಒಡ್ಡಿಗೆ ಒಯ್ದು ಹಾಕಬೇಕು. ಎದೆಯೆತ್ತರದ ಆ ಕಲ್ಲೊಡ್ಡು ಯಾರು ಶುರುಮಾಡಿದ್ದು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮಕ್ಕಳಿಗೆ ಒಡ್ಡೆಂದರೆ ಗುಡ್ಡದಂತೆ. ಅದು ಮೊದಲಿನಿಂದ ಅಲ್ಲೇ ಇರುತ್ತದೆ.

ಅಣ್ಣ ಬಸವಣ್ಣ ಅಲ್ಲೇ ನಿಂತು ನಮ್ಮ ಮಾತು ಕೇಳುತ್ತಿದ್ದ. "ಕುದುರಿ ಮ್ಯಾಲ ಒಬ್ಬ ಸರದಾರನ ಚಿತ್ರಾ ಹಾಕ್. ನಡೀತೈತಿ" ಎಂದ.

"ಅಪ್ಪಾ, ನನಗ ಕುದುರಿ ಬ್ಯಾಡ. ಮನಷ್ಯಾರ ಹೆಸರ ಬೇಕು" ಎಂದಳು ಸ್ನೇಹಾ.

ಹಾಗೆ ಅತ್ತೆ ಸೊಸೆ ಇಬ್ಬರೂ ಅಥಣಿಯ ದಾರಿ ಹಿಡಿದೆವು. ನಮ್ಮ ಊರು ಸೇರಿರುವ ಕಾಗವಾಡ ಈಗ ಸ್ವಂತ ತಾಲೂಕು. ಆದರೆ ನಮ್ಮೂರ ಹಳೆಯ ಭೂಮಿ ಕಾಗದಗಳಿಗೆ ಅಥಣಿಯಲ್ಲೇ ವಿಚಾರಿಸಿ ಎಂದು ಯಾರೋ ಹೇಳಿದ್ದರು. ಉಗಾರದ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಒಬ್ಬನ ಸ್ಪೀಕರಿನಲ್ಲಿ ಮರಾಠಿ ಹಾಡು, ಇನ್ನೊಬ್ಬನದರಲ್ಲಿ ಕನ್ನಡ. ಎರಡೂ ಸೇರಿ ಕಿವಿಗೆ ಬೀಳುವುದು ಬೇರೆಯೇ ಒಂದು ಭಾಷೆ. ನಾವು ಸಂತೆಯಲ್ಲಿ ಆಡುವುದೂ ಹೆಚ್ಚುಕಡಿಮೆ ಅದನ್ನೇ.

ಈಗಿನ ಉತಾರ, ಅಂದರೆ ಹೊಲದ ಪಹಣಿ, ಬೇಕೆಂದರೆ ಗುಂಡಿ ಒತ್ತಿದರೆ ಬರುತ್ತದೆ. ಆದರೆ ಹಿಂದೆ ಹಿಂದೆ ಹೋದಂತೆ ಕಂಪ್ಯೂಟರಿನ ಕಾಲ ಮುಗಿದು ಬಟ್ಟೆಯ ಗಂಟುಗಳ ಕಾಲ ಶುರುವಾಗುತ್ತದೆ. ಅರ್ಜಿ ಕೊಟ್ಟೆವು, ಬಂದೆವು, ಮತ್ತೆ ಹೋದೆವು. ಕೊನೆಗೆ ಒಂದು ದಿನ ನಮ್ಮ ಹೊಲದ ಅತ್ಯಂತ ಹಳೆಯ ನೋಂದಣಿಯ ನಕಲು ಕೈಗೆ ಬಂತು. ನಾನು ಕನ್ನಡಕ ಏರಿಸಿ, ಇತಿಹಾಸದ ಟೀಚರಿಗೆ ತಕ್ಕ ಗತ್ತಿನಲ್ಲಿ ಹಾಳೆ ಬಿಡಿಸಿದೆ. ಒಂದಕ್ಷರವೂ ತಿಳಿಯಲಿಲ್ಲ.

"ಅತ್ತಿ, ಉಲ್ಟಾ ಹಿಡದಿ" ಎಂದಳು ಸ್ನೇಹಾ.

ಸೀದಾ ಹಿಡಿದರೂ ತಿಳಿಯಲಿಲ್ಲ. ಅದು ಮೋಡಿ ಅಕ್ಷರ. ಹಿಂದೆ ಈ ಸೀಮೆಯ ಕುಲಕರ್ಣಿಗಳು ಲೆಕ್ಕಪತ್ರ ಬರೆಯುತ್ತಿದ್ದ, ಲೇಖಣಿ ಎತ್ತದೆ ಎಳೆದುಕೊಂಡು ಹೋಗುವ ಮರಾಠಿ ಬರಹ. ನಿಪ್ಪಾಣಿಯಲ್ಲಿ ನನ್ನ ಜೊತೆ ತರಬೇತಿ ಮುಗಿಸಿದ ಗೆಳತಿಯೊಬ್ಬಳಿದ್ದಾಳೆ. ಅವಳ ಮಾವನಿಗೆ ಮೋಡಿ ಓದಲು ಬರುತ್ತದೆಂದು ನೆನಪಾಗಿ ಅಲ್ಲಿಗೆ ಹೋದೆವು. ಆ ಹಿರಿಯರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಖಾತೇದಾರ... ಸತ್ಯವ್ವ. ಹೆಣ್ಣಮಗಳ ಹೆಸರ ಐತ್ರಿ. ಸತ್ಯವ್ವ, ಇಂಥವನ ಹೇಣ್ತಿ ಅಂತ ಬರೀಬೇಕಾದ ಜಾಗಾದಾಗ ಗಂಡನ ಹೆಸರಿಲ್ಲ. 'ಪರದೇಶಿ' ಅಂತ ಬರದಾರ."

ಆಮೇಲೆ ಹೊಲದ ನಾಲ್ಕೂ ದಿಕ್ಕಿನ ಮೇರೆ ಓದಿದರು. ಪೂರ್ವಕ್ಕೆ ಹಳ್ಳ. ದಕ್ಷಿಣ, ಪಶ್ಚಿಮಕ್ಕೆ ಸರಕಾರಿ ಗಾಯರಾಣ, ದನಕರು ಮೇಯುವ ಬಯಲು. ಉತ್ತರಕ್ಕೆ ಕುರಿಗಾರ ಬೀರಪ್ಪನ ಹೊಲ.

ಸ್ನೇಹಾ ಕುರ್ಚಿಯಿಂದ ಎದ್ದೇ ಬಿಟ್ಟಳು. "ಅತ್ತಿ, ಮೂಲಪುರುಷ ಅಲ್ಲ, ಮೂಲ ಹೆಣ್ಣಮಗಳು!"

ಚಿಕ್ಕೋಡಿ ದಾಟಿ ಬರುವತನಕ ಬಸ್ಸಿನಲ್ಲಿ ನಾನು ಆ ಹಾಳೆಯನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಅಳಿಸುತ್ತಿದ್ದ ಆ ಹೆಸರಿನ ಹಿಂದೆ ಒಬ್ಬ ಹೆಂಗಸು ಇದ್ದಳು. ಅವಳನ್ನು ಪರದೇಶಿ ಎಂದು ಊರು ಕರೆದದ್ದಲ್ಲದೆ ಸರಕಾರವೂ ಬರೆದುಕೊಂಡಿತ್ತು.

ಅಣ್ಣನಿಗೆ ಹೇಳಿದಾಗ ಮೊದಲು ನಕ್ಕ. ಆಮೇಲೆ ಮುಖ ಬಿಗಿಯಿತು. "ಇದನ್ನ ಡಬ್ಬಿ ಮ್ಯಾಲ ಹಾಕತೀರೇನ? ಗಂಡನ ಹೆಸರ ಗೊತ್ತಿಲ್ಲದ ಪರದೇಶಿ ಅಂತ? ಬೀಗರ ಮುಂದ ನಾ ಹೆಂಗ್ ಕುಂದ್ರಬೇಕು?"

"ಗಂಡನ ಹೆಸರ ಆಕಿಗೆ ಗೊತ್ತಿರಲಿಲ್ಲಾ ಅಂತ ಎಲ್ಲಿ ಐತಿ ಅಣ್ಣಾ? ಬರದಿಲ್ಲ, ಅಷ್ಟ."

"ಸುಮಿ, ಈ ಕಾಗದಾ ಇಲ್ಲಿಗೇ ಬಿಡ್ರಿ" ಎಂದು ಎದ್ದು ಹೋದ.

ಬಿಡಲು ಮನಸ್ಸು ಬರಲಿಲ್ಲ. ಕಾಗದದಲ್ಲಿ ಸತ್ಯವ್ವನ ಪಕ್ಕ ಇನ್ನೊಬ್ಬ ಮನುಷ್ಯನ ಹೆಸರಿತ್ತು: ಉತ್ತರಕ್ಕೆ ಬೀರಪ್ಪ. ಆ ಬೀರಪ್ಪನ ಮನೆತನ ಎಲ್ಲೂ ಹೋಗಿಲ್ಲ. ಇಂದಿಗೂ ನಮ್ಮ ಹೊಲದ ಉತ್ತರಕ್ಕೆ ಅವರದೇ ಹೊಲ, ಅವರದೇ ಕುರಿಹಟ್ಟಿ. ಮನೆಯ ಹಿರಿಯಳು ಲಗಮವ್ವ. ಅವಳ ಮಗ ಕರೆಪ್ಪ ಕುರಿ ಕಾಯುತ್ತಾನೆ. ಹೋಗಿ ಕೇಳಿದರಾಯಿತು ಎನ್ನುತ್ತೀರಿ. ಆದರೆ ಹಿಂದಿನ ಮಳೆಗಾಲದಲ್ಲಿ ಕರೆಪ್ಪನ ಕುರಿಗಳು ನಮ್ಮ ದ್ರಾಕ್ಷಿಯ ಎಳೆ ಚಿಗುರಿಗೆ ಬಾಯಿ ಹಾಕಿದ್ದವು. ಅಣ್ಣ ಸಿಟ್ಟಿಗೆದ್ದು ಒಡ್ಡಿನ ಪಕ್ಕದ ದಾರಿಗೆ ತಂತಿ ಬೇಲಿ ಎಳೆದಿದ್ದ. ಎಷ್ಟೋ ತಲೆಮಾರಿನಿಂದ ಅವರ ಕುರಿ ಹಳ್ಳಕ್ಕೆ ನೀರಿಗೆ ಇಳಿಯುತ್ತಿದ್ದ ದಾರಿ ಅದು. ಅಂದಿನಿಂದ ಅವರು ಗಾಯರಾಣ ಸುತ್ತಿ ಹೋಗುತ್ತಿದ್ದರು. ಎರಡೂ ಮನೆಗೆ ಮಾತಿರಲಿಲ್ಲ.

ಮಳೆ ಹೊಳವಾದ ಒಂದು ಬೆಳಿಗ್ಗೆ ಧೈರ್ಯ ಮಾಡಿ ಹೋದೆ. ಬೇಲಿ ದಾಟುವಾಗ ಸೀರೆಯ ಸೆರಗು ತಂತಿಗೆ ಸಿಕ್ಕಿ, ಬಿಡಿಸಿಕೊಳ್ಳುತ್ತ ನಿಂತಿದ್ದನ್ನು ಲಗಮವ್ವ ಹಟ್ಟಿಯ ಮುಂದೆ ಕೂತು ನೋಡುತ್ತಿದ್ದಳು. ಅವಳ ಮಡಿಲಲ್ಲಿ ತಾಯಿ ಸತ್ತ ಒಂದು ಮರಿ ಬಾಟಲಿಯ ಹಾಲು ಕುಡಿಯುತ್ತಿತ್ತು.

"ನಿಮ್ಮಣ್ಣ ಹಾಕಿದ್ ತಂತಿ ನಿಮ್ಮನ್ನೂ ಬಿಡ್ಲಿಲ್ಲ ನೋಡು" ಎಂದಳು. ನಗಲಿಲ್ಲ. ಆದರೆ ಕೂಡ್ರು ಎಂದು ಕಂಬಳಿಯ ತುದಿ ಸರಿಸಿದಳು.

"ಆಯಿ, ಒಂದ್ ಹೆಸರ ಕೇಳಾಕ ಬಂದೇನಿ. ಸತ್ಯವ್ವ ಅಂದ್ರ ಯಾರು?"

ಮರಿಯ ಬಾಯಿಂದ ಬಾಟಲಿ ಜಾರಿತು. "ಆ ಹೆಸರ ನಿನಗ ಯಾರ್ ಹೇಳಿದ್ರು?"

"ಕಾಗದದಾಗ ಸಿಕ್ತು."

"ಕಾಗದಾ ಮತ್ತೇನ್ ಹೇಳ್ತು?"

"ಪರದೇಶಿ ಅಂತ ಹೇಳ್ತು. ಬಾಜೂಕ ಬೀರಪ್ಪ ಇದ್ದಾ ಅಂತ ಹೇಳ್ತು."

ಲಗಮವ್ವ ಬಾಟಲಿಯನ್ನು ಮತ್ತೆ ಮರಿಯ ಬಾಯಿಗಿಟ್ಟಳು. ಆಮೇಲೆ ಹೇಳತೊಡಗಿದಳು. ಅವಳ ಅತ್ತೆ ಸಣ್ಣ ಸೊಸೆಯಾಗಿ ಆ ಹಟ್ಟಿಗೆ ಬಂದಾಗ ಸತ್ಯವ್ವ ಬೆನ್ನು ಬಾಗಿದ ಮುದುಕಿಯಾಗಿ ಇನ್ನೂ ಬದುಕಿದ್ದಳಂತೆ. ಅತ್ತೆ ಕಂಡದ್ದು, ಕೇಳಿದ್ದು ಲಗಮವ್ವನಿಗೆ ಬಂದಿತ್ತು.

ಸತ್ಯವ್ವ ಗಂಡನ ಜೊತೆ ಬಹಳ ದೂರದಿಂದ, ಹೊಳೆಯಾಚೆಯ ಸೀಮೆಯಿಂದ ಮಂಗಸೂಳಿಯ ಮಲ್ಲಯ್ಯನಿಗೆ ನಡೆದು ಬಂದವಳು. ಮಲ್ಲಯ್ಯನಿಗೆ ಹರಕೆ ಹೊತ್ತು ಹುಟ್ಟಿದ ಕೂಸು ಸೊಂಟದ ಮೇಲಿತ್ತು. ಅದನ್ನು ದೇವರಿಗೆ ತೋರಿಸಿ, ಅರಿಸಿನದ ಭಂಡಾರ ಹಚ್ಚಿಸಿ, ಮರಳಿ ಹೋಗುವುದಿತ್ತು. ದರ್ಶನವೂ ಆಯಿತು. ಮರಳುವ ದಾರಿಯಲ್ಲಿ ಗಂಡನಿಗೆ ಜ್ವರ ಬಂತು. ಹಳ್ಳದ ದಂಡೆಯಲ್ಲಿ, ಬೀರಪ್ಪನ ಕುರಿಹಟ್ಟಿಯ ಹತ್ತಿರ, ಅವನು ಮಲಗಿದವನು ಏಳಲಿಲ್ಲ. ಬೀರಪ್ಪನೇ ಗುಂಡಿ ತೋಡಿ ಮಣ್ಣು ಮಾಡಿದ.

"ಊರಿಗೆ ಮುಟ್ಟಸ್ತೀವಿ ನಡಿ ಅಂದ್ರಂತ. ಆಕಿ ಒಲ್ಲೆ ಅಂದ್ಲು. ಅವ್ರನ್ನ ಇಲ್ಲಿ ಬಿಟ್ಟ ನಾ ಒಬ್ಬಾಕಿ ಅಲ್ಲಿ ಹೋಗಿ ಏನ್ ಹೇಳ್ಲಿ ಅಂದ್ಲಂತ. ಯಾರಿಗೂ ಬ್ಯಾಡಾದ ಕಲ್ಲ ನೆಲಾ ಇತ್ತಲ್ಲ, ಅದರಾಗ ಕಲ್ಲ ಆರಸಾಕ ಕುಂತ್ಲು. ಹುಚ್ಚ ಹಿಡದೈತಿ ಅಂದ್ರು ಮಂದಿ. ಕೂಸಿನ್ನ ನಮ್ಮ ಹಟ್ಟ್ಯಾಗ ಮಲಗಿಸಿ ಆಕಿ ಕಲ್ಲ ಹೊರೂದು. ಆ ಒಡ್ಡ ಐತಲ್ಲ, ಅಡಿಪಾಯ ಆಕೀದು."

ಎರಡು ಬೆಳೆ ತೆಗೆದ ಮೇಲೆ ನೆಲವನ್ನು ಹೆಸರಿಗೆ ಹಚ್ಚುವ ದಿನ ಬಂತು. ಕುಲಕರ್ಣಿ ಕೇಳಿದ: ಹೆಸರೇನು? ಸತ್ಯವ್ವ. ಗಂಡನ ಹೆಸರೇನು? ಸತ್ಯವ್ವ ಬಾಯಿ ಬಿಡಲಿಲ್ಲ.

ಇದು ನಿಮಗೆ ತಿಳಿಯದ ಸಂಗತಿಯೇನಲ್ಲ. ನನ್ನ ಅವ್ವನೂ ಅಪ್ಪನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದಳು; ಪಕ್ಕದವರು ಹೇಳುತ್ತಿದ್ದರು. ಸತ್ಯವ್ವನೂ ಪಕ್ಕದವರ ಮುಖ ನೋಡಿದಳು. ಆದರೆ ಇಡೀ ಊರಿನಲ್ಲಿ ಆ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ, ಅವಳು ಹೇಳುವಂತಿರಲಿಲ್ಲ.

"ಗುರ್ತಾ ಇಲ್ಲದಾಕಿಗೆ ನೆಲಾ ಹೆಂಗ್ ಬರೀಲಿ ಅಂದಾ ಕುಲಕರ್ಣಿ. ಬೀರಪ್ಪ ಮುಂದ ಬಂದ. ಬಾಜೂ ಹೊಲದಾಂವ ನಾ ಅದೀನ್ರಿ, ಈಕಿ ನನ್ನ ಗುರ್ತಿನಾಕಿ, ಬರೀರಿ ಅಂದ. ಬರದ್ರು. ಗಂಡನ ಹೆಸರಿನ ಜಾಗಾದಾಗ ಏನ್ ಬರೂದು? ಪರದೇಶಿ ಅಂತ ಬರದ್ರು."

"ಹಂಗಾದ್ರ ಆತನ ಹೆಸರ ಹೋಗೇ ಬಿಡ್ತೇನ ಆಯಿ?"

ಆಗ ಲಗಮವ್ವ ಮೊದಲ ಸಲ ನಕ್ಕಳು. ಬೀರಪ್ಪನ ಮನೆಯಲ್ಲಿ ಒಂದು ಮದುವೆ. ಹೆಂಗಸರೆಲ್ಲ ಸೇರಿ ಒಡಪು ಹೇಳುತ್ತಿದ್ದರು. ಗಂಡನ ಹೆಸರನ್ನು ಪ್ರಾಸದ ನಡುವೆ ಅಡಗಿಸಿ ಹೇಳಲು ನಮ್ಮ ಹೆಂಗಸರಿಗೆ ಇರುವುದು ಅದೊಂದೇ ದಾರಿ. ಗಂಡ ಇಲ್ಲದವರು ಹೇಳುವ ಪದ್ಧತಿಯಿಲ್ಲ. ಸತ್ಯವ್ವ ಮೂಲೆಯಲ್ಲಿ ಕೂತಿದ್ದಳು. ಬೀರಪ್ಪನ ಹೆಂಡತಿ ಬಾಳವ್ವ ಎದ್ದು ಹೋಗಿ ಅವಳ ಕೈ ಹಿಡಿದು ನಡುವೆ ಕರೆತಂದಳು. "ಆ ಹೆಸರ ಒಬ್ಬಾಕಿನ ಇಟಗೊಂಡ ಎಲ್ಲಿಗೆ ಒಯ್ಯಾಕಿ? ನಮಗೂ ಕೊಡು" ಎಂದಳಂತೆ. ಕೆಲವರು ಮುಖ ತಿರುಗಿಸಿದರು. ಸತ್ಯವ್ವ ಹೇಳಿದಳು.

ಲಗಮವ್ವ ಮರಿಯನ್ನು ಕೆಳಗಿಳಿಸಿ, ಸೆರಗು ಸರಿಮಾಡಿಕೊಂಡು, ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಅದನ್ನು ಹೇಳಿ ತೋರಿಸಿದಳು:

"ಮಲ್ಲಯ್ಯನ ಗುಡಿಗೆ ಬಂದೆ ಭಂಡಾರ ಹಚ್ಚಾಕ,
ಕಲ್ಲಿನ ಹೊಲಾ ಹಿಡದೆ ಜ್ವಾಳಾ ಬಿತ್ತಾಕ,
ಸಿದರಾಯರ ಹೆಸರ ಹೇಳ್ತೇನಿ ಬಾಳವ್ವ ನಗಾಕ."

"ನಮ್ಮ ಮನಿಗೆ ಬಂದ ಸೊಸೆಂದ್ರು ಎಲ್ಲಾರೂ ಕಲಿಯೂದು ಇದ ಒಡಪ. ಮೊದಲ ಸಿದರಾಯರ ಹೆಸರ್ಲೆ ಹೇಳಬೇಕು. ಆಮ್ಯಾಲ ನಮ್ಮ ನಮ್ಮ ಗಂಡಂದ್ರ ಹೆಸರ ಹಾಕಬೇಕು. ಯಾಕಂತ ಕೇಳಿದ್ರ ನಮ್ಮತ್ತಿ, ಅದು ಬ್ಯಾರೇದವ್ರ ಸಾಮಾನು, ನಮ್ಮಲ್ಲಿ ಇಟ್ಟಾರ, ಕೇಳಾಕ ಬಂದ್ರ ಕೊಡಬೇಕು ಅಂತಿದ್ಲು."

ಸಿದರಾಯ. ಮಲ್ಲಯ್ಯನ ಹರಕೆಯ ಆ ಕೂಸೇ ನಮ್ಮ ಮಲ್ಲಪ್ಪ; ಅವನ ಅಪ್ಪನ ಹೆಸರು ಸಿದರಾಯ. ನಾಲ್ಕು ಹೆಜ್ಜೆ ಆಚೆ, ಒಡ್ಡಿನ ಇನ್ನೊಂದು ಮಗ್ಗುಲಲ್ಲಿ, ಇಷ್ಟೆಲ್ಲ ವರ್ಷ ಅದು ಸುರಕ್ಷಿತವಾಗಿತ್ತು. ಅಷ್ಟರಲ್ಲಿ ಕರೆಪ್ಪ ಹಟ್ಟಿಯ ಹಿಂದಿನಿಂದ ಬಂದ. ಅವನು ಎಲ್ಲ ಕೇಳಿಸಿಕೊಂಡಿದ್ದ.

"ತಂತಿ ಹಾಕೂ ಮುಂದ ಬಾಜೂಕಿನವ್ರ ನೆನಪ ಆಗಲಿಲ್ಲೇನ್ರಿ ಅಕ್ಕಾರ? ಈಗ ಹೆಸರ ಬೇಕಾದಾಗ ಬಂದ್ರಿ" ಎಂದ.

"ಏ ಕರೆಪ್ಪಾ" ಎಂದು ಲಗಮವ್ವ ಗದರಿದಳು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಚಹ ಕುಡಿದು, ಗಾಯರಾಣ ಸುತ್ತಿ ಮನೆಗೆ ನಡೆದೆ. ಕುರಿಗಳು ದಿನಾಲು ಎಷ್ಟು ದೂರ ಹೋಗಿ ಬರುತ್ತವೆಂದು ಕಾಲಿಗೆ ತಿಳಿಯಿತು.

ಅಣ್ಣ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ. ನಾನು ನಿಂತಲ್ಲೇ ಎಲ್ಲ ಹೇಳಿದೆ: ಜ್ವರ, ಗುಂಡಿ, ಕಲ್ಲು, ಕುಲಕರ್ಣಿ, ಒಡಪು. ಅವನು ನನ್ನ ಕಡೆ ತಿರುಗಲಿಲ್ಲ. ಕೈಯೇನೋ ದಾರ ಸುತ್ತುತ್ತಲೇ ಇತ್ತು. ಒಂದೇ ಕೊಂಬೆಗೆ ಸುತ್ತುತ್ತಿತ್ತು.

"ಬೀರಪ್ಪ ಗುರ್ತಾ ಹೇಳಿದ್ನಂತ?" ಎಂದು ಕೊನೆಗೆ ಕೇಳಿದ.

"ಹೂಂ."

"ಹೇಳದಿದ್ರ?"

"ಹೇಳದಿದ್ರ ಈ ಹೊಲಾ ಇಲ್ಲ ಅಣ್ಣಾ. ನೀನೂ ಇಲ್ಲ, ನಾನೂ ಇಲ್ಲ."

ಮರುದಿನ ಬೆಳಿಗ್ಗೆ ನೋಡಿದರೆ ದಾರಿಗೆ ಅಡ್ಡ ಎಳೆದಿದ್ದ ತಂತಿಯನ್ನು ತಾನೇ ಕಿತ್ತು, ಬಳ್ಳಿಸಾಲಿನ ಗುಂಟ ದಾರಿಯ ಒಳಮಗ್ಗುಲಿಗೆ ಕಟ್ಟುತ್ತಿದ್ದ. ಚಿಗುರೂ ಉಳಿಯಬೇಕು, ದಾರಿಯೂ ಉಳಿಯಬೇಕು. ಇಷ್ಟು ಸರಳವಾದದ್ದು ಹಿಂದಿನ ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ.

ಕರೆಪ್ಪ ಬರಲಿಲ್ಲ. ದಾರಿ ತೆರೆದದ್ದು ಕಂಡೂ ಕಾಣದವನಂತೆ ಗಾಯರಾಣ ಸುತ್ತಿಯೇ ಹೋಗುತ್ತಿದ್ದ. ಅಣ್ಣನೂ ಕರೆಯಲಿಲ್ಲ. ಇಬ್ಬರು ಗಂಡಸರ ಬಿಗುಮಾನ ನೋಡಿ ಅಣ್ಣನ ಹೆಂಡತಿ, ನಮ್ಮ ವೈನಿಗೆ ನಗು. ಕೊನೆಗೆ ಅದನ್ನು ಬಗೆಹರಿಸಿದ್ದು ಕುರಿಗಳು. ಒಂದು ದಿನ ಮುಂದಿನ ಟಗರು ಹಳೆಯ ದಾರಿಯ ಬಾಯಲ್ಲಿ ನಿಂತು ಮೂಸಿತು. ಕರೆಪ್ಪ ಹಿಂದಿನಿಂದ ಹುರ್‍ರ್ ಎಂದು ಕೂಗುವಷ್ಟರಲ್ಲಿ ಒಳಗೆ ನುಗ್ಗಿತು. ಹಿಂಡೆಲ್ಲ ಅದರ ಬೆನ್ನಿಗೆ. ಕರೆಪ್ಪ ಓಡಿ ಬಂದ. ಬಳ್ಳಿಸಾಲಿನಲ್ಲಿದ್ದ ಅಣ್ಣ ತಲೆಯೆತ್ತಿ, "ಹೋಗ್ಲಿ ಬಿಡೋ, ಅವಕ್ಕ ಬುದ್ಧಿ ಐತಿ" ಎಂದ. ಕರೆಪ್ಪನಿಗೆ ನಗು ತಡೆಯಲಾಗಲಿಲ್ಲ.

ಸ್ನೇಹಾಳ ಡಬ್ಬಿಯ ಮೇಲೆ 'ಸತ್ಯವ್ವ' ಎಂದು ಅಚ್ಚಾಯಿತು. ಬೀಗರ ಊರಿಗೂ ಹೋಯಿತು. ಅಣ್ಣ ಅವರೆದುರು ಚೆನ್ನಾಗಿಯೇ ಕೂತ. ಕಥೆಯನ್ನು ತಾನೇ ಹೇಳುತ್ತಾನೆ, ನಾನು ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಗಿ. ಕುದುರೆಯನ್ನು ಮಾತ್ರ ಇನ್ನೂ ಸೇರಿಸಿಲ್ಲ.

ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಆ ವರ್ಷ ವೈನಿ ತಾನೇ ಹೋಗಿ ಲಗಮವ್ವನನ್ನೂ ಕರೆಪ್ಪನನ್ನೂ ಊಟಕ್ಕೆ ಕರೆದು ಬಂದಳು. ಲಗಮವ್ವ ಒಳಗೆ ಗೋಡೆಗೊರಗಿ ಕೂತಳು. ಕರೆಪ್ಪ ಹೊಸಲಿನಾಚೆ ನಿಂತಿದ್ದ. ಮನೆಯ ಹಿರಿಯ ಮಗ ತಂಬಿಗೆಯಿಂದ ನೀರು ಬಿಡುತ್ತ ಒಬ್ಬೊಬ್ಬರ ಹೆಸರನ್ನೂ ಕರೆಯಬೇಕು. ಅಣ್ಣ ಕರೆದ: ಸತ್ಯವ್ವ, ಸಿದರಾಯ, ಮಲ್ಲಪ್ಪ, ರಾಮಪ್ಪ, ಶಿವಪ್ಪ, ನಮ್ಮವ್ವ. ಅಲ್ಲಿಗೆ ಮುಗಿಯಬೇಕಿತ್ತು. ನಾವೆಲ್ಲ ನೆಲಕ್ಕೆ ಹಣೆ ಮುಟ್ಟಿಸಲು ಬಗ್ಗಿದೆವು. ಅಣ್ಣ ತಂಬಿಗೆ ಕೆಳಗಿಡಲಿಲ್ಲ.

ಇನ್ನೊಮ್ಮೆ ನೀರು ಬಿಟ್ಟು, "ಬೀರಪ್ಪ" ಎಂದ.

ಲಗಮವ್ವ ಗೋಡೆ ಬಿಟ್ಟು ಮುಂದೆ ಬಾಗಿದಳು. "ಬಸಣ್ಣಾ, ಆತ ನಮ್ಮ ಮನಿ ಹಿರ್‍ಯಾ ಅಲ್ಲೇನೋ?"

"ಹೌದ್ ಆಯಿ. ನಮ್ಮ ಮನೀಗೂ ಹಿರ್‍ಯಾನ."

ಕರೆಪ್ಪ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಹೊಸಲು ದಾಟಿ ಒಳಗೆ ಬಂದು ಅಣ್ಣನ ಪಕ್ಕದಲ್ಲಿ ಮೊಣಕಾಲೂರಿದ.

"ಬಾಳವ್ವನ ಹೆಸರ ಬಿಟ್ರಲ್ಲ ಅಣ್ಣಾರ" ಎಂದ.

ಅಣ್ಣ ತಂಬಿಗೆಯನ್ನು ಅವನ ಕೈಗೇ ಕೊಟ್ಟ. ಕರೆಪ್ಪ ನೀರು ಬಿಟ್ಟು ಬಾಳವ್ವನನ್ನು ಕರೆದ. ನಾವೆಲ್ಲ ಮತ್ತೊಮ್ಮೆ ಬಗ್ಗಿದೆವು. ಏಳುವಾಗ ನೋಡಿದರೆ ವೈನಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಅದನ್ನೇ ಮಾಡುತ್ತಿದ್ದೆ.

"ಅಳೂದ್ ಆಮ್ಯಾಲ" ಎಂದಳು ಲಗಮವ್ವ. "ಮೊದಲ ಉಣ್ಣಾಕ ನೀಡ್ರಿ. ಹಿರ್‍ಯಾರು ಹಸದಾರ."